ಅಂಕಿಗಳು ಮನೆಗೆ ಮರಳಲಿ



ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿಯು ನಾನೂರಕ್ಕೂ ಮಿಕ್ಕಿದ ಪುಟಗಳ, ಕೋಷ್ಟಕಗಳಿಂದ ತುಂಬಿದ ಇಂಗ್ಲಿಷ್ ಗ್ರಂಥ. 2001ರ ಜನಗಣತಿಯಂತೆ ದೇಶದ ಸಾಕ್ಷರತೆಯು ಶೇ. 65.1 ಇದ್ದರೆ ಮುಸ್ಲಿಮರದ್ದು ಶೇ. 59.1 ಎಂದು ಅದು ದಾಖಲಿಸಿತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುವವರು ಸುಮಾರು ಶೇ. 3 ಮಾತ್ರ ಎಂದೂ ತಿಳಿಸಿತು.

ಈ ಎರಡನೆಯ ಅಂಕಿಯನ್ನು ಕೇಳಿ ನಮ್ಮ ತಾಯಂದಿರು ಅಚ್ಚರಿಪಡುವುದು ಸಹಜ. ಮಕ್ಕಳು ಬೆಳಗ್ಗೆ ಮದ್ರಸಾಕ್ಕೆ ಹೋಗುತ್ತಾರಲ್ಲವೇ? ಹೋಗುತ್ತಾರೆ, ಬಳಿಕ ಶಾಲೆಗೂ ಹೋಗುತ್ತಾರೆ. ವರದಿಯು ಎಣಿಸಿರುವುದು ಶಾಲೆಯ ಬದಲಿಗೆ ಮದ್ರಸಾದಲ್ಲೇ ಕಲಿಯುವವರನ್ನು. ಈ ವ್ಯತ್ಯಾಸವನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ, ಮುಸ್ಲಿಮರಿಗೆ ಶಾಲೆ ಬೇಡವೆಂಬ ಅಪಪ್ರಚಾರಕ್ಕೆ ಉತ್ತರವಿದ್ದೂ ಸಮುದಾಯವು ಮೌನವಾಗಿರಬೇಕಾಗುತ್ತದೆ.

ಸಂಶೋಧನೆಯಲ್ಲಿ ತೊಡಗಿರುವ ನಾವು ಇದನ್ನು ನಮ್ಮ ಹೊಣೆಯೆಂದು ತಿಳಿಯಬೇಕು. ಸತ್ಯವನ್ನು ಅರಿತೂ ಮರೆಮಾಚುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ. ಮಸೀದಿಯ ಸಭಾಂಗಣದಲ್ಲಿ, ಮಹಿಳೆಯರ ಸಭೆಯಲ್ಲಿ, ಜನರ ಭಾಷೆಯಲ್ಲೇ ಒಂದೊಂದು ಅಂಕಿಯ ಅರ್ಥವನ್ನು ವಿವರಿಸೋಣ, ಅದು ಯಾವ ವರ್ಷದ್ದು, ಅದರ ಮಿತಿಯೇನು ಎಂಬುದನ್ನೂ ಹೇಳೋಣ, ಪ್ರಶ್ನೆಗಳಿಗೆ ಕಿವಿಗೊಡೋಣ. ಜನಗಣತಿಗೆ ಮಾಹಿತಿ ಕೊಟ್ಟದ್ದು ಇವೇ ಮನೆಗಳು. ಅವರ ಅಮಾನತ್ತನ್ನು ಅವರಿಗೆ ಮರಳಿಸುವುದು ಉಪಕಾರವಲ್ಲ, ಕರ್ತವ್ಯ.