ಅರ್ಜಿಯೆಂಬುದು ಭಿಕ್ಷೆಯಲ್ಲ



ಕಾಲೇಜು ಸೇರಲಿರುವ ಬಡ ವಿದ್ಯಾರ್ಥಿಗೆ ಪಾಠಕ್ಕಿಂತ ಮೊದಲು ಎದುರಾಗುವ ಪರೀಕ್ಷೆ ವಿದ್ಯಾರ್ಥಿವೇತನದ ಅರ್ಜಿ. ಗೋಕಾಕ ಸೀಮೆಯ ಮೇಲವಂಕಿಯಲ್ಲಿ ಅಂಥದೊಂದು ಅರ್ಜಿ ತುಂಬಲು ನಾನು ನೆರವಾಗುತ್ತಿದ್ದೆ. ವಾರ್ಷಿಕ ಆದಾಯದ ಪ್ರಶ್ನೆ ಬಂದಾಗ ಹುಡುಗಿಯ ತಂದೆ ತಲೆ ತಗ್ಗಿಸಿದರು. “ನಮ್ಮ ಬಡತನಾನ ಸರ್ಕಾರಕ್ಕ ಬರದ ಕೊಡಬೇಕೇನ್ರಿ, ಸರ?” ಎಂದರು. ಬಡತನಕ್ಕಿಂತ ಅದನ್ನು ಬರೆದುಕೊಡುವುದೇ ಅವರಿಗೆ ಭಾರವಾಗಿತ್ತು.

ನಾನು ಶಿರಸಂಗಿಯ ಲಿಂಗರಾಜ ದೇಸಾಯರನ್ನು ನೆನೆದೆ. 1906ರಲ್ಲಿ ತೀರಿಕೊಂಡ ಅವರು ತಮ್ಮ ದೇಸಗತಿಯ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಆ ನಿಧಿಯಿಂದ ಓದಿದವರು ಭಿಕ್ಷುಕರಲ್ಲ, ವಾರಸುದಾರರು. ಅಂದು ಒಬ್ಬರು ಒಂದು ಸಮಾಜಕ್ಕೆ ಮಾಡಿದ್ದನ್ನು ಇಂದು ನಾವೆಲ್ಲ ಸೇರಿ ಸರ್ಕಾರದ ಮೂಲಕ ಹಲವು ಸಮಾಜಗಳಿಗೆ ಮಾಡುತ್ತಿದ್ದೇವೆ. ಆ ತಂದೆ ಕೊಳ್ಳುವ ಸಾಬೂನಿನ ಬೆಲೆಯಲ್ಲಿಯೂ ತೆರಿಗೆಯುಂಟು. ಎಂದಮೇಲೆ ಮಗಳು ಕೇಳುವ ಹಣದಲ್ಲಿ ಅವರದೂ ಪಾಲಿದೆ.

ಹಕ್ಕಿದ್ದರಷ್ಟೇ ಸಾಲದು, ಕಾಗದವೂ ಸರಿಯಿರಬೇಕು. ನಾಡಕಚೇರಿಯಿಂದ ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಮೊದಲೇ ಪಡೆದಿರಬೇಕು. ಆಧಾರ್ ಚೀಟಿಯಲ್ಲಿಯೂ ಅಂಕಪಟ್ಟಿಯಲ್ಲಿಯೂ ಹೆಸರು ಒಂದೇ ಆಗಿರಬೇಕು. ಹಣ ನೇರವಾಗಿ ಖಾತೆಗೆ ಬರುವುದರಿಂದ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯಾಗಿರಬೇಕು. ‘ಬಸವರಾಜ’ ಒಂದು ಕಡೆ ‘ಬಸಪ್ಪ’ನಾದರೆ ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ.

ಗಡುವು ಯಾರ ಸಂಕೋಚಕ್ಕೂ ಕಾಯುವುದಿಲ್ಲ. ತಪ್ಪಿದ ಒಂದು ದಿನ ಒಂದು ವರ್ಷದ ಓದನ್ನೇ ನುಂಗಬಹುದು. ಆದ್ದರಿಂದ ಅಕ್ಷರ ಬಲ್ಲ ನಾವು ನೆರೆಮನೆಯ ಮಗುವಿನ ಅರ್ಜಿಯನ್ನು ಒಮ್ಮೆ ಓದಿ ನೋಡೋಣ. ದೇಸಾಯರಂತೆ ಆಸ್ತಿ ಬರೆದುಕೊಡಲು ನಮ್ಮಿಂದಾಗದಿರಬಹುದು. ಅರ್ಧ ಗಳಿಗೆ ಕೊಡಲು ಖಂಡಿತ ಆಗುತ್ತದೆ.