ನಾವೇ ಮಾಡೋಣವೇ, ಮೇಸ್ತ್ರಿಯನ್ನು ಕರೆಯೋಣವೇ?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಪರಿಸರ ಎಂದೊಡನೆ ನಮಗೆ ಕಾಡು, ಹುಲಿ, ಹಿಮಾಲಯ ನೆನಪಾಗುತ್ತವೆ. ಆದರೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯವರಾದ ನಮಗೆ ಪರಿಸರ ಶುರುವಾಗುವುದು ಮನೆಯ ನೀರಿನ ಕೊಡದಿಂದ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹಲವು ಕಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. 2023ರಲ್ಲಿ ಯರಗೋಳ್ ಯೋಜನೆಯೂ ಉದ್ಘಾಟನೆಯಾಯಿತು. ಸರ್ಕಾರದ ಕೆಲಸ ಸರ್ಕಾರ ಮಾಡಲಿ. ನಮ್ಮ ಮನೆಯ ಮಟ್ಟಿಗೆ ನಾವೇನು ಮಾಡಬಹುದು, ಅದನ್ನು ಯಾರ ಕೈಯಿಂದ ಮಾಡಿಸಬೇಕು ಎಂಬುದು ನನ್ನ ಇಂದಿನ ವಿಷಯ.

ಇದು ಸಣ್ಣ ಪ್ರಶ್ನೆಯಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಸಾವಿರಾರು ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆ ಸೇರುತ್ತಿದ್ದಾರೆ. ಅಂಥವರ ಬಳಿ ಹಣವೂ ಕಡಿಮೆ, ಬಿಡುವೂ ಕಡಿಮೆ. ಹಣ ಉಳಿಸಲು ಎಲ್ಲವನ್ನೂ ತಾನೇ ಮಾಡಹೊರಟರೆ ಜೀವಕ್ಕೆ ಅಪಾಯವಾಗಬಹುದು. ಎಲ್ಲಕ್ಕೂ ಆಳನ್ನು ಕರೆದರೆ ಸಾಲವಾಗಬಹುದು.

ಗಣಿಯಲ್ಲಿ ದುಡಿದ ಹಿರಿಯರನ್ನು ಕೇಳಿ ನೋಡಿ. ಅಲ್ಲಿ ಸಿಡಿಮದ್ದನ್ನು ಕಂಡಕಂಡವರು ಮುಟ್ಟುವಂತಿರಲಿಲ್ಲ. ಅದಕ್ಕೆ ಅರ್ಹತಾಪತ್ರ ಪಡೆದವರೇ ಬೇಕಿತ್ತು. ಮನೆಯ ಕೆಲಸದಲ್ಲಿಯೂ ಇದೇ ನ್ಯಾಯ. ಯಾವುದೇ ಕೆಲಸಕ್ಕೆ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಒಂದು, ಕೆಲಸ ಕೆಟ್ಟರೆ ಹಾಳಾಗುವುದು ಸಾಮಾನೋ, ಪ್ರಾಣವೋ? ಎರಡು, ಕಾನೂನು, ಸಹಾಯಧನ ಅಥವಾ ಗ್ಯಾರಂಟಿಗಾಗಿ ಪರವಾನಗಿ ಇದ್ದವರೇ ಮಾಡಬೇಕೋ? ಮೂರು, ಸಲಕರಣೆಯ ಖರ್ಚು ಮತ್ತು ನಮ್ಮ ಒಂದು ದಿನದ ಕೂಲಿ ಸೇರಿಸಿದರೂ ನಾವೇ ಮಾಡುವುದು ಅಗ್ಗವೋ?

ಮೊದಲು ಮಳೆನೀರನ್ನು ನೋಡೋಣ. ವಿದ್ಯಾರ್ಥಿಗಳೇ, ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಅಡಿ ಉದ್ದ, 20 ಅಡಿ ಅಗಲದ ಛಾವಣಿ ಸುಮಾರು 55 ಚದರ ಮೀಟರ್. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ 38,500 ಲೀಟರ್. ಐದನೇ ಒಂದು ಪಾಲು ಸೋರಿ ಹೋದರೂ 30 ಸಾವಿರ ಲೀಟರ್ ಉಳಿಯುತ್ತದೆ. ಟ್ಯಾಂಕರಿಗಾಗಿ ಕಾಯುವ ತಾಯಂದಿರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಶುದ್ಧವಾದ ಆರ್.ಸಿ.ಸಿ. ಛಾವಣಿಯ ಮಳೆನೀರನ್ನು ಸೋಸಿ, ಕುದಿಸಿ ಕುಡಿಯುವುದು ನಮ್ಮ ಜಿಲ್ಲೆಗೆ ಒಳ್ಳೆಯ ದಾರಿ.

ಈ ಕೆಲಸದ ಬಹುಪಾಲು ನಮ್ಮ ಕೈಯಲ್ಲೇ ಆಗುತ್ತದೆ. ಛಾವಣಿ ಗುಡಿಸುವುದು, ಪೈಪು ಜೋಡಿಸುವುದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡಲು ಮುಚ್ಚಳವಿರುವ ಕವಲು ಇಡುವುದು, ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಮರಳು ತುಂಬಿ ಶೋಧಕ ಮಾಡುವುದು, ಸೊಳ್ಳೆ ಹೋಗದಂತೆ ಜಾಲರಿ ಕಟ್ಟುವುದು, ಇವೆಲ್ಲ ಭಾನುವಾರದ ಕೆಲಸಗಳು. ಆದರೆ ಎಚ್ಚರ: ನಮ್ಮೂರಿನ ಸೈನೈಡ್ ದಿಬ್ಬದ ಮಣ್ಣು ನುಣ್ಣಗಿದೆ, ಬಿಟ್ಟಿ ಸಿಗುತ್ತದೆ ಎಂದು ಶೋಧಕಕ್ಕೆ ತುಂಬಬೇಡಿ. ಅದು ರಾಸಾಯನಿಕ ಕಂಡ ಗಣಿತ್ಯಾಜ್ಯ, ಮರಳಲ್ಲ.

ಅದೇ ನೀರನ್ನು ಕೊಳವೆಬಾವಿಗೆ ಇಂಗಿಸುವುದಾದರೆ ತಿಳಿದವರನ್ನು ಕರೆಯಿರಿ. ಕೊಳೆನೀರು ಒಮ್ಮೆ ಒಳಗೆ ಹೋದರೆ ನೆರೆಯವರ ಬಾವಿಯೂ ಕೆಡಬಹುದು. ಛಾವಣಿಯ ಮೇಲೆ ದೊಡ್ಡ ಟ್ಯಾಂಕ್ ಇಡುವುದಿದ್ದರೂ ಅಷ್ಟೇ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಹಳೆಯ ಗೋಡೆ ಅದನ್ನು ತಾಳುತ್ತದೆಯೇ ಎಂಬುದನ್ನು ಇಂಜಿನಿಯರ್ ನೋಡಿ ಹೇಳಬೇಕು.

ಎರಡನೆಯದು ಬಿಸಿಲು. ಆರ್.ಸಿ.ಸಿ. ಛಾವಣಿಗೆ ಬಿಳಿ ಸುಣ್ಣ ಬಳಿದರೆ ಮನೆಯೊಳಗಿನ ಬೇಗೆ ತಗ್ಗುತ್ತದೆ. ಇದು ನಾವೇ ಮಾಡುವ ಕೆಲಸ. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೆ ಕುತ್ತು; ಆದ್ದರಿಂದ ಕನ್ನಡಕ ಹಾಕಿ, ಮಕ್ಕಳನ್ನು ದೂರವಿಡಿ. ಆದರೆ ಹಳೆಯ ಕಲ್ನಾರು ಶೀಟಿನ ಛಾವಣಿಯನ್ನು ಉಜ್ಜುವುದು, ಕೊರೆಯುವುದು, ಕತ್ತರಿಸುವುದು ಬೇಡ. ಅದರ ಪುಡಿ ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಪ್ರಾಣಾಂತಿಕ ಕಾಯಿಲೆ ಬರಬಹುದು. ಆ ಛಾವಣಿಯ ನೀರು ಗಿಡಕ್ಕಿರಲಿ, ಕುಡಿಯಲು ಬೇಡ.

ಮೂರನೆಯದು ವಿದ್ಯುತ್. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು. ಎಲ್.ಇ.ಡಿ. ಬಲ್ಬು ಬದಲಿಸಲು ಯಾರೂ ಬೇಕಿಲ್ಲ. ಹಳೆಯ ಫ್ಯಾನ್ 75 ವಾಟ್ ಎಳೆದರೆ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವಾಟ್ ಸಾಕು. ಆದರೆ ವೈರಿಂಗ್, ಅರ್ಥಿಂಗ್ ಮತ್ತು ಛಾವಣಿಯ ಸೋಲಾರ್ ಕೆಲಸವನ್ನು ಪರವಾನಗಿ ಇದ್ದವರಿಗೇ ಬಿಡಬೇಕು. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟ್‌ಗೆ 60,000 ರೂ., ಮೂರು ಅಥವಾ ಹೆಚ್ಚಿಗೆ 78,000 ರೂ. ಸಹಾಯಧನವಿದೆ. ಅದು ಸಿಗುವುದು ನೋಂದಾಯಿತ ಸಂಸ್ಥೆಯಿಂದ ಹಾಕಿಸಿದವರಿಗೆ ಮಾತ್ರ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸುವ ಮೊದಲು ಕುಳಿತು ಲೆಕ್ಕ ಹಾಕಲಿ.

ಇನ್ನು ಶೌಚದ ಗುಂಡಿ. ಇಲ್ಲಿ ನಾವೂ ಇಳಿಯಬಾರದು, ಬಡವನೊಬ್ಬನಿಗೆ ಹಣ ಕೊಟ್ಟು ಇಳಿಸಲೂ ಬಾರದು. ವಿಷಾನಿಲ ಕ್ಷಣದಲ್ಲಿ ಕೊಲ್ಲುತ್ತದೆ. 2013ರ ಕಾನೂನು ಮನುಷ್ಯನನ್ನು ಹಾಗೆ ಗುಂಡಿಗಿಳಿಸುವುದನ್ನು ಅಪರಾಧವೆಂದಿದೆ. ಯಂತ್ರದ ಗಾಡಿಯನ್ನೇ ಕರೆಸಬೇಕು. ನಮ್ಮ ಉಳಿತಾಯಕ್ಕೆ ಇನ್ನೊಬ್ಬರ ಮಕ್ಕಳು ಅನಾಥರಾಗಬಾರದು.

ಕೆಲಸಗಾರರನ್ನು ಕರೆಯುವಾಗ ಇಬ್ಬರು ಮೂವರಿಂದ ದರ ಬರೆಸಿಕೊಳ್ಳಿ. ಅವರು ಹಿಂದೆ ಮಾಡಿದ ಕೆಲಸ ನೋಡಿ ಬನ್ನಿ. ಹಣ ಕಂತಿನಲ್ಲಿ ಕೊಡಿ, ರಸೀದಿ ಪಡೆಯಿರಿ. ಕೆಲಸ ಮುಗಿದ ಮೇಲೆ ಕೂಲಿಗೆ ಚೌಕಾಸಿ ಮಾಡಿ ಸತಾಯಿಸಬೇಡಿ. ಪ್ಲಂಬರ್, ವೆಲ್ಡರ್, ಎಲೆಕ್ಟ್ರಿಷಿಯನ್ನರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಅವರಿಗೆ ಕೊಟ್ಟ ಹಣ ಊರಿನಲ್ಲೇ ಉಳಿಯುತ್ತದೆ. ಕಷ್ಟದ ಭಾಗ ಅವರಿಗೆ, ಉಳಿದದ್ದು ನಮಗೆ ಎಂದು ಹಂಚಿಕೊಂಡರೆ ಖರ್ಚೂ ಇಳಿಯುತ್ತದೆ, ಮಕ್ಕಳು ನೋಡಿ ಕಲಿಯುತ್ತಾರೆ.

ಕನ್ನಡದ ಮೇಸ್ತ್ರಿ, ಉರ್ದುವಿನ ಮಿಸ್ತ್ರಿ ಎರಡೂ ಒಂದೇ ಪೋರ್ಚುಗೀಸ್ ಪದದಿಂದ ಬಂದವು. ಅದರ ಅರ್ಥ ನಿಪುಣ, ಗುರು. ಕರಣೆ ಹಿಡಿದವರನ್ನೂ ನಮ್ಮ ಮಕ್ಕಳು ಗುರುವೆಂದು ಗೌರವಿಸಲಿ. ಐ.ಟಿ.ಐ. ಓದುವುದನ್ನು ಕೀಳೆಂದು ಯಾರೂ ತಿಳಿಯದಿರಲಿ.

ಕೊನೆಗೆ ಒಂದು ವಿನಂತಿ. ನಮ್ಮ ಶಾಲೆಗಳ, ಮಸೀದಿಗಳ ಛಾವಣಿಗಳು ದೊಡ್ಡವು. ವುಜೂ ಮಾಡಿದ ನೀರು ಚರಂಡಿಗೆ ಹೋಗುವ ಬದಲು ಗಿಡಗಳಿಗೆ ಹೋಗಬಹುದು. ಒಬ್ಬ ಇಂಜಿನಿಯರ್ ನಕ್ಷೆ ಹಾಕಿಕೊಡಲಿ, ನುರಿತ ಮೇಸ್ತ್ರಿ ತೊಟ್ಟಿ ಕಟ್ಟಲಿ, ಪೈಪು ಜೋಡಿಸಿ ಗಿಡ ನೆಡಲು ವಿದ್ಯಾರ್ಥಿಗಳು ಬರಲಿ. ಮುಂದಿನ ಮುಂಗಾರಿನೊಳಗೆ ಒಂದು ಛಾವಣಿಯಿಂದಲಾದರೂ ಇದನ್ನು ಆರಂಭಿಸೋಣ.