ಟ್ಯಾಗ್ ಪೆಟ್ಟಿಗೆ ಮತ್ತು ಓದುಗನ ಮಾತು

ಗ್ರಂಥಪಾಲಕ ಮಿತ್ರರೇ,

ಪುಸ್ತಕದ ಬೆನ್ನಿಗೆ ವರ್ಗಸಂಖ್ಯೆ ಅಂಟಿಸುವುದು ನಿಮ್ಮ ಕೆಲಸ. ಅಂತರ್ಜಾಲದಲ್ಲಿ ಆ ಕೆಲಸದ ಒಂದು ಪಾಲು ಓದುಗರಿಗೇ ಬಂದು ಇಪ್ಪತ್ತು ವರ್ಷ ಕಳೆಯಿತು. ಓದುಗ ತನಗೆ ತೋಚಿದ ಮಾತನ್ನು ಪುಸ್ತಕಕ್ಕೆ ಹಚ್ಚುತ್ತಾನೆ, ಅದೇ ಟ್ಯಾಗ್. 2004ರಲ್ಲಿ ಥಾಮಸ್ ವ್ಯಾಂಡರ್ ವಾಲ್ ಈ ಪದ್ಧತಿಗೆ ‘ಫೋಕ್ಸಾನಮಿ’ ಎಂದು ಹೆಸರಿಟ್ಟಾಗ, ವರ್ಗೀಕರಣ ಕೊನೆಗೂ ಜನರ ಕೈಗೆ ಬಂತೆಂಬ ಸಂಭ್ರಮ ಹಲವರಲ್ಲಿತ್ತು. ನನ್ನ ತಕರಾರು ಅಲ್ಲಿಂದಲೇ ಶುರು. ಓದುಗನದೆಂದು ನಾವು ನಂಬುವ ಎಷ್ಟೋ ಮಾತುಗಳನ್ನು ಅವನ ಬಾಯಲ್ಲಿ ಆಡಿಸಿರುವುದು ಪರದೆಯ ಮೇಲೆ ಟ್ಯಾಗ್ ಬರೆಯುವ ಪೆಟ್ಟಿಗೆ.

ಸಣ್ಣ ಸಂಗತಿಯೊಂದನ್ನು ನೋಡಿ. 2003ರಲ್ಲಿ ಜೋಶುವಾ ಶಾಕ್ಟರ್ ಆರಂಭಿಸಿದ ಡೆಲಿಷಸ್ ಜಾಲವಿಳಾಸಗಳನ್ನು ಕೂಡಿಡುವ ತಾಣವಾಗಿತ್ತು. ಅಲ್ಲಿ ಎರಡು ಟ್ಯಾಗ್‌ಗಳ ನಡುವಿನ ಗಡಿ ಖಾಲಿ ಜಾಗವಾಗಿತ್ತು. 2005ರಲ್ಲಿ ಟಿಮ್ ಸ್ಪಾಲ್ಡಿಂಗ್ ಪುಸ್ತಕಗಳಿಗಾಗಿ ಕಟ್ಟಿದ ಲೈಬ್ರರಿಥಿಂಗ್‌ನಲ್ಲಿ ಗಡಿ ಅಲ್ಪವಿರಾಮ. ಮೊದಲ ಪದ್ಧತಿಯಲ್ಲಿ ‘ಮಕ್ಕಳ ಸಾಹಿತ್ಯ’ ಎಂದು ಬರೆದರೆ ‘ಮಕ್ಕಳ’ ಒಂದು ಕಡೆ, ‘ಸಾಹಿತ್ಯ’ ಇನ್ನೊಂದು ಕಡೆ. ಷಷ್ಠಿ ವಿಭಕ್ತಿ ತನ್ನ ನಾಮಪದ ಕಳೆದುಕೊಂಡು ಬಾಯಿ ಬಿಟ್ಟು ನಿಂತಿರುತ್ತದೆ. ಅದನ್ನು ತಪ್ಪಿಸಲು ಜನ ಪದಗಳನ್ನು ಅಂಟಿಸಿ ಬರೆದರು, ನಡುವೆ ಅಡಿಗೆರೆ ಹಾಕಿದರು, ಕೊನೆಗೆ ಒಂಟಿ ಪದಗಳಲ್ಲೇ ಯೋಚಿಸತೊಡಗಿದರು. ಅಲ್ಪವಿರಾಮ ಇದ್ದಲ್ಲಿ ಪದಪುಂಜ ಇಡಿಯಾಗಿ ಉಳಿಯಿತು. ವಿರಾಮಚಿಹ್ನೆಗೆ ಇಷ್ಟು ಬಲವೇ ಎಂದು ನಗಬೇಡಿ. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ) ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು 1933ರ ತಮ್ಮ ವರ್ಗೀಕರಣ ಪದ್ಧತಿಗೆ ‘ಕೋಲನ್’ ಎಂಬ ಚಿಹ್ನೆಯ ಹೆಸರನ್ನೇ ಇಟ್ಟಿದ್ದರು.

ಇನ್ನು ಗುಡ್‌ರೀಡ್ಸ್. 2007ರಲ್ಲಿ ಬಂದ, 2013ರಲ್ಲಿ ಅಮೆಜಾನ್ ಕೊಂಡ ಈ ತಾಣದಲ್ಲಿ ಟ್ಯಾಗ್ ಎಂಬ ಮಾತಿಲ್ಲ, ‘ಕಪಾಟು’ ಇದೆ. ಮೂರು ಕಪಾಟುಗಳು ಮೊದಲೇ ಸಿದ್ಧ: ಓದಿದ್ದು, ಓದುತ್ತಿರುವುದು, ಓದಬೇಕಾದದ್ದು. ಪುಸ್ತಕ ಈ ಮೂರರಲ್ಲಿ ಒಂದರಲ್ಲಿ ಮಾತ್ರ ಇರಬಹುದು. ಪುಸ್ತಕದ ಪುಟ ತೆರೆದರೆ ಕಣ್ಣಿಗೆ ಹೊಡೆಯುವುದು ‘ಓದಬೇಕು’ ಎಂಬ ಗುಂಡಿ, ಒತ್ತಿದರೆ ಮುಗಿಯಿತು. ‘ಬರಗಾಲ’, ‘ಅಜ್ಜಿಯರು’, ‘ಮಲೆನಾಡು’ ಎಂದು ಸ್ವಂತ ಕಪಾಟು ಮಾಡಬೇಕಾದರೆ ಆ ಗುಂಡಿಯ ಮಗ್ಗುಲಿನ ಬಾಣ ಒತ್ತಿ ಒಳಗಿಳಿಯಬೇಕು. ಹಾಗಾಗಿ ಹೆಚ್ಚಿನ ಪುಸ್ತಕಗಳ ಮೇಲೆ ದಟ್ಟವಾಗಿ ಕಾಣುವ ಗುರುತು ‘ಓದಬೇಕು’. ಅದು ಪುಸ್ತಕದ ಬಗ್ಗೆ ಏನನ್ನೂ ಹೇಳುವುದಿಲ್ಲ, ಓದುಗನ ಆಸೆಯನ್ನು ಹೇಳುತ್ತದೆ. ಮದುವೆ ಮನೆಯ ಬಾಗಿಲಲ್ಲಿ ಬಂದವರ ಹೆಸರು ಬರೆಸಿಕೊಂಡು ಊಟ ಹೇಗಿತ್ತೆಂದು ಅದರಿಂದಲೇ ಅಳೆದ ಹಾಗೆ.

ಟ್ಯಾಗ್ ಹಾಕುವಾಗ ತಾಣ ತೋರಿಸುವ ಸಲಹೆಯ ಪಟ್ಟಿಯದು ಇನ್ನೊಂದು ಕಥೆ. ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಡೆಲಿಷಸ್ ಅನ್ನು ಅಧ್ಯಯನ ಮಾಡಿದಾಗ, ಒಂದು ವಿಳಾಸವನ್ನು ಸುಮಾರು ನೂರು ಜನ ಉಳಿಸಿಕೊಳ್ಳುವ ಹೊತ್ತಿಗೆ ಟ್ಯಾಗ್‌ಗಳ ಪ್ರಮಾಣ ಸ್ಥಿರವಾಗುವುದು ಕಂಡಿತು. ಇತರರ ಜನಪ್ರಿಯ ಟ್ಯಾಗ್‌ಗಳನ್ನು ತಾಣವೇ ಕಣ್ಣೆದುರು ಇಡುತ್ತಿದ್ದುದರಿಂದ ಅನುಕರಣೆಯೂ ಒಂದು ಕಾರಣ ಎಂದರು. ಆದರೆ ಸಲಹೆಯಲ್ಲಿ ಕಾಣದ ಟ್ಯಾಗ್‌ಗಳೂ ಸ್ಥಿರವಾಗಿದ್ದವು. ಜನರಿಗೆ ಸಮಾನ ತಿಳಿವಳಿಕೆಯೂ ಇದೆ ಎಂಬುದನ್ನು ಅವರು ಬಿಡಲಿಲ್ಲ. ಪೆಟ್ಟಿಗೆಯನ್ನೇ ಸರ್ವಶಕ್ತ ಎನ್ನುವ ಉತ್ಸಾಹಕ್ಕೆ ಇಷ್ಟು ಕಡಿವಾಣ ಬೇಕು.

ಪೆಟ್ಟಿಗೆ ಎಲ್ಲಿದೆ ಎಂಬುದೂ ಮುಖ್ಯ. ಅಮೆಜಾನ್ ಒಂದು ಕಾಲದಲ್ಲಿ ಮಾರಾಟದ ಪುಟದಲ್ಲೇ ಟ್ಯಾಗ್ ಹಾಕಲು ಬಿಟ್ಟಿತ್ತು. ಅದರ ಮುಂದೆ ಲೈಬ್ರರಿಥಿಂಗ್ ತೀರಾ ಚಿಕ್ಕದು, ಆದರೂ 2007ರಲ್ಲಿ ಅಲ್ಲಿದ್ದ ಟ್ಯಾಗ್‌ಗಳು ಅಮೆಜಾನ್‌ನಲ್ಲಿದ್ದವಕ್ಕಿಂತ ಸುಮಾರು ಹತ್ತು ಪಟ್ಟು. ಜನ ತಮ್ಮ ಪುಸ್ತಕವನ್ನು ತಮಗಾಗಿ ಜೋಡಿಸಿಕೊಳ್ಳುತ್ತಾರೆ, ಅಂಗಡಿಯವನ ಸರಕನ್ನು ಪುಕ್ಕಟೆ ಜೋಡಿಸುವುದಿಲ್ಲ ಎಂಬುದು ಸ್ಪಾಲ್ಡಿಂಗ್ ವಾದ. ಅಂಗಡಿಯ ಪೆಟ್ಟಿಗೆ ಪ್ರತಿಭಟನೆಯ ಗೋಡೆಯೂ ಆಯಿತು: ಡಿಜಿಟಲ್ ಬೀಗ ಹಾಕಿದ ಸರಕುಗಳಿಗೆ ಧಿಕ್ಕಾರದ ಟ್ಯಾಗ್ ಹಚ್ಚಿರೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕರೆ ಕೊಟ್ಟಿತ್ತು.

ಸ್ಟೋರಿಗ್ರಾಫ್ ಎಂಬ ಈಚಿನ ಪುಸ್ತಕ ತಾಣದಲ್ಲಿ ಓದುಗನ ಮುಂದೆ ಭಾವಗಳ ಸಿದ್ಧ ಪಟ್ಟಿ ಇರುತ್ತದೆ: ಸಾಹಸ, ಕತ್ತಲು, ಭರವಸೆ, ಚಿಂತನೆ ಹೀಗೆ. ಓಟ ನಿಧಾನವೋ, ಮಧ್ಯಮವೋ, ವೇಗವೋ ಎಂದೂ ಕೇಳುತ್ತದೆ. ಹುಡುಕಲು ಅನುಕೂಲ, ಒಪ್ಪುತ್ತೇನೆ. ಆದರೆ ದೇವನೂರ ಮಹಾದೇವರ ‘ಕುಸುಮಬಾಲೆ’ ಓದಿದವನು ಏನನ್ನು ಗುರುತು ಮಾಡಿಯಾನು? ಪಟ್ಟಿಯಲ್ಲಿರುವುದನ್ನು ಮಾಡುತ್ತಾನೆ, ಅಷ್ಟೇ. ಆ ಕಾದಂಬರಿಯ ಜಾತಿ, ಆಡುಮಾತು, ಮಾತಾಡುವ ಮಂಚ, ದೀಪದ ಜೋತಮ್ಮಂದಿರು ಯಾವ ಚೌಕದಲ್ಲೂ ಕೂರುವುದಿಲ್ಲ.

ಕನ್ನಡದ ಪುಸ್ತಕಕ್ಕೆ ಕನ್ನಡದಲ್ಲೇ ಟ್ಯಾಗ್ ಹಾಕಿದರೆ ‘ಸಣ್ಣಕತೆ’, ‘ಸಣ್ಣ ಕತೆ’, ‘ಸಣ್ಣಕಥೆ’, ‘ಸಣ್ಣ ಕಥೆ’ ಎಲ್ಲವೂ ಬರುತ್ತವೆ, ಎಲ್ಲವೂ ಸರಿ. ಒಂದನ್ನು ಉಳಿಸಿ ಉಳಿದವನ್ನು ಅಳಿಸುವುದು ಸುಲಭದ ಬುದ್ಧಿ. ಲೈಬ್ರರಿಥಿಂಗ್ ಮಾಡಿರುವುದೇ ನನಗೆ ಮೆಚ್ಚುಗೆ: ಹುಡುಕಾಟದಲ್ಲಿ ಸಮಾನ ಟ್ಯಾಗ್‌ಗಳನ್ನು ಕೂಡಿಸುತ್ತದೆ, ಸದಸ್ಯನ ಪುಟದಲ್ಲಿ ಅವನು ಬರೆದದ್ದನ್ನು ಬರೆದಂತೆಯೇ ಬಿಡುತ್ತದೆ.

ಗ್ರಂಥಪಾಲಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ. ನಿಮ್ಮ ಗ್ರಂಥಾಲಯದ ಸೂಚಿಗೆ ಓದುಗರ ಟ್ಯಾಗ್ ಸೇರಿಸುವ ಮಾತು ಬಂದಾಗ, ಗಡಿಗೆ ಅಲ್ಪವಿರಾಮವೇ ಇರಲಿ ಎಂದು ಹಟ ಹಿಡಿಯಿರಿ. ಓದುಗ ತನ್ನ ಮಾತು ಬರೆದ ಮೇಲಷ್ಟೇ ಸಲಹೆ ಕಾಣಿಸಲಿ. ‘ಓದಬೇಕು’ ಎಂಬುದಕ್ಕೆ ಬೇರೆಯೇ ಜಾಗ ಕೊಡಿಸಿ. ಇವನ್ನೆಲ್ಲ ಟೆಂಡರಿನ ಷರತ್ತಿನಲ್ಲೇ ಬರೆಯಿರಿ. ತಂತ್ರಾಂಶ ಬಂದು ಕೂತ ಮೇಲೆ ಕೇಳಿದರೆ ಯಾರೂ ಬದಲಿಸಿಕೊಡುವುದಿಲ್ಲ.